ಕೀಳಬೇಡಿ ಎಂದು ಹೇಳುವ ನೌಕರಿ

ಹೋದ ತಿಂಗಳು ಒಬ್ಬ ಹುಡುಗಿ ಫೋನು ಮಾಡಿದ್ದಳು. ನಾನು ನಿವೃತ್ತಳಾಗಿ ಬಂದ ಇಲಾಖೆಗೆ ಹೊಸದಾಗಿ ಸೇರಿದವಳು. ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಹಳ್ಳಿಗಳಲ್ಲಿ ಜೇನುಹುಳಗಳಿಗಾಗಿ ಮನೆಯ ಹಿತ್ತಲಲ್ಲಿ ನಮ್ಮ ನೆಲದ ಹೂಗಿಡ ಬೆಳೆಸುವ ಕೆಲಸ ಈಗ ಅವಳ ಪಾಲಿಗೆ ಬಂದಿದೆ. ಈ ಗಿಡ ಬೆಳೆಸುವುದು ಹೇಗೆ ಎಂದು ಕೇಳಿದಳು. ನನಗೆ ಸಿಟ್ಟು ಬಂತು, ಅವಳ ಮೇಲಲ್ಲ. ತುಂಬೆಯನ್ನು ಯಾರು ಬೆಳೆಸಬೇಕು ತಾಯಿ? ಉತ್ತರಾಣಿಗೆ ಯಾರು ನೀರುಣಿಸಬೇಕು? ಮಳೆ ಬಿದ್ದರೆ ಅವು ತಾವೇ ಏಳುತ್ತವೆ. ಎದ್ದವನ್ನು ಜನ ಕೀಳುತ್ತಾರೆ. ಕೀಳಬೇಡಿ ಎಂದು ಹೇಳುತ್ತಾ ಊರೂರು ತಿರುಗುವುದೇ ನಮ್ಮ ನೌಕರಿ. ಫೋನಿನಲ್ಲಿ ಇಷ್ಟೆಲ್ಲ ಹೇಳಲು ಆಗಲಿಲ್ಲ, ಅದಕ್ಕೇ ಅವಳಿಗೂ, ಅವಳ ಹಾಗೆ ಹೊಸದಾಗಿ ಸೇರಿದ ನಿಮ್ಮೆಲ್ಲರಿಗೂ ಬರೆಯುತ್ತಿದ್ದೇನೆ.

ಔಷಧಿ ಹೊಡೆಯುವುದರಿಂದ ಜೇನು ಸಾಯುತ್ತವೆ ಎಂದು ತರಬೇತಿಯಲ್ಲಿ ಹೇಳಿಕೊಡುತ್ತಾರೆ. ಸುಳ್ಳಲ್ಲ. ಭೂಸನೂರಿನ ಕಡೆ ಕಬ್ಬಿನ ಗದ್ದೆಗೆ ಹೊಡೆದ ಕಳೆನಾಶಕ ಉಳಿಯಿತೆಂದು ಅದನ್ನು ಮನೆಯ ಗೋಡೆಬುಡಕ್ಕೂ ಹೊಡೆದು, ಈಗ ನೋಡಿ ಎಷ್ಟು ಚೊಕ್ಕ ಎಂದು ನನಗೇ ಕರೆದು ತೋರಿಸಿದವರಿದ್ದಾರೆ. ಆದರೆ ಹಿತ್ತಲಿನ ಮಟ್ಟಿಗೆ ಹೇಳುವುದಾದರೆ ನನ್ನ ಜೀವ ತಿಂದದ್ದು ಕಸಬರಿಗೆ. ನಮ್ಮಲ್ಲಿ ಹಿತ್ತಲು ನೋಡಿ ಆ ಮನೆಯ ಹೆಂಗಸಿಗೆ ಮಾರ್ಕು ಹಾಕುತ್ತಾರೆ. ಒಂದು ಗಿಡ ಹೆಚ್ಚು ಬೆಳೆದರೆ ಸೊಸೆ ಸೋಮಾರಿ, ಹಾವು ಬರುತ್ತದೆ, ಚೇಳು ಬರುತ್ತದೆ ಎಂದು ಓಣಿಯೆಲ್ಲ ಮಾತಾಡುತ್ತದೆ. ನಾನು ಹೋಗಿ ಆ ಹೆಂಗಸಿಗೆ, ಇವನ್ನು ಬಿಡಮ್ಮ, ಜೇನು ಬರುತ್ತದೆ ಎಂದರೆ ಅವಳು ತನ್ನ ಮರ್ಯಾದೆ ನೋಡಿಕೊಳ್ಳಬೇಕೋ ಜೇನಿನ ಹೊಟ್ಟೆ ನೋಡಬೇಕೋ? ಇದನ್ನು ನನ್ನ ಮೇಲಿನವರಲ್ಲಿ ಒಬ್ಬರಿಗೂ ತಿಳಿಸಿ ಹೇಳಲು ನನ್ನಿಂದ ಆಗಲಿಲ್ಲ.

ಮೇಲಿನವರ ಮಾತು ಬಂತು. ಈ ಕೆಲಸ ಶುರುವಾದಾಗ ಇದ್ದ ಸಾಹೇಬರು ಒಳ್ಳೆಯವರು, ಸಿಟ್ಟು ಮಾಡಿದವರಲ್ಲ. ಆದರೆ ಹೂವೆಂದರೆ ಅವರಿಗೆ ಕ್ಯಾಲೆಂಡರಿನ ಹೂವೇ ಆಗಬೇಕು. ಎಲ್ಲಿಂದಲೋ ಬೀಜದ ಪೊಟ್ಟಣ ತರಿಸಿದರು. ಮೇಲೆ ಚಿತ್ರ ಎಷ್ಟು ಚಂದ, ಒಂದೊಂದು ಹೂವಿಗೂ ಸುತ್ತು ಸುತ್ತು ಎಸಳು. ಎಸಳು ಹೆಚ್ಚಾದ ಹೂವಿನಲ್ಲಿ ಹುಳಕ್ಕೆ ತಿನ್ನಲು ಏನೂ ಇರುವುದಿಲ್ಲ, ಒಳಗೆ ಹೋಗಲು ದಾರಿಯೂ ಇರುವುದಿಲ್ಲ ಎಂದೆ. ಅವರು ನಕ್ಕು, ನೀವು ನೆಡಿಸಿ ನೋಡಿ ಎಂದರು. ನೆಡಿಸಿದೆ. ಚಳಿಯಲ್ಲಿ ಅರಳಿದವು, ಶಿವರಾತ್ರಿ ದಾಟುವಷ್ಟರಲ್ಲಿ ನಮ್ಮ ಬಿಸಿಲಿಗೆ ಸುಟ್ಟು ಹೋದವು. ಅರಳಿದಾಗಲೂ ಒಂದು ಜೇನು ಅವುಗಳ ಕಡೆ ತಿರುಗಿ ನೋಡಲಿಲ್ಲ. ಪಕ್ಕದ ಚರಂಡಿಯ ದಂಡೆಯ ತುಂಬೆಗೆ ಮುತ್ತಿಕೊಂಡಿದ್ದವು.

ಆಮೇಲೆ ನಮ್ಮ ಗಿಡಗಳ ಬೀಜವನ್ನು ನಾನೇ ಆರಿಸಿ ತಂದೆ. ಅಲ್ಲಿ ಎಡವಿದವಳೂ ನಾನೇ. ಶೇಂಗಾ ಬಿತ್ತುವವರ ಮನೆಯಲ್ಲಿ ಹುಟ್ಟಿದವಳು, ಬೀಜವೆಂದರೆ ಮಣ್ಣೊಳಗೆ ಬೆರಳಿಳಿಸಿ ಹಾಕಬೇಕು ಎಂದೇ ತಿಳಿದಿದ್ದೆ. ಅಣ್ಣೆ, ತುಂಬೆಗಳ ಬೀಜ ಸಾಸಿವೆಗಿಂತ ಸಣ್ಣವು. ಅವನ್ನು ಹೂತರೆ ಅಲ್ಲೇ ಸಾಯುತ್ತವೆ. ಮೇಲೆ ಚೆಲ್ಲಿ ಕೈಯಿಂದ ಸವರಿದರೆ ಸಾಕು. ತಂಗಡಿಯ, ಅಂದರೆ ಆವರಿಕೆಯ, ಬೀಜದ ಸಿಪ್ಪೆಯೋ ಕಲ್ಲು, ಬಿಸಿನೀರಲ್ಲಿ ಒಂದು ರಾತ್ರಿ ನೆನೆಸದಿದ್ದರೆ ಮೊಳೆಯುವ ಮಾತೇ ಇಲ್ಲ. ಇದು ತಿಳಿಯುವಷ್ಟರಲ್ಲಿ ನನ್ನ ಒಂದು ಮಳೆಗಾಲ ಮಣ್ಣುಪಾಲಾಗಿತ್ತು. ನಿಮ್ಮದು ಆಗದಿರಲಿ.

ಇನ್ನು ಚೌಡಾಪುರದ ಒಬ್ಬರ ಕಥೆ. ರಸ್ತೆಗೆ ಹತ್ತಿಕೊಂಡ ಮನೆ, ದೊಡ್ಡ ಹಿತ್ತಲು. ಬೀಜ ಕೊಡುವ ಮುಂಚೆಯೇ ಖುಷಿಯಿಂದ ಒಪ್ಪಿಬಿಟ್ಟರು. ಅಷ್ಟು ಬೇಗ ಒಪ್ಪಿದಾಗಲೇ ನನಗೆ ಅನುಮಾನ ಬರಬೇಕಿತ್ತು. ಹೂ ಬಿಟ್ಟ ಮೇಲೆ ಕರೆಸಿಕೊಂಡು, ಜೇನುತುಪ್ಪ ಎಲ್ಲಿ ಎಂದು ಕೇಳಿದರು. ನಮ್ಮ ಹಿತ್ತಲಿಗೆ ಬರುವ ಬಹಳಷ್ಟು ಜೇನು ಗೂಡು ಕಟ್ಟಿ ತುಪ್ಪ ಕೂಡಿಡುವಂಥವಲ್ಲ, ಬರಿ ನೆಲದಲ್ಲಿ ತೂತು ಮಾಡಿಕೊಂಡು ಒಂಟಿಯಾಗಿ ಬದುಕುವ ಸಣ್ಣ ಹುಳಗಳು, ಅವು ಹೂವಿಂದ ಹೂವಿಗೆ ಹೋದರೇ ಬಳ್ಳಿ ಕಾಯಿ ಕಟ್ಟುವುದು ಎಂದು ಸಮಾಧಾನದಿಂದ ಹೇಳಿದೆ. ಅವರು ಎಲ್ಲವನ್ನೂ ಕೇಳಿ, ಹಾಗಾದರೆ ನಮಗೇನು ಬಂತು ಎಂದು ಮರುದಿನ ಆಳು ಹಚ್ಚಿ ಎಲ್ಲ ಕೀಳಿಸಿದರು.

ಆದರೆ ನಾನು ಸಾಯುವವರೆಗೂ ಮರೆಯದ್ದು ಅಫಜಲಪುರ ತಾಲ್ಲೂಕಿನ ಒಂದು ಊರು. ಹೆಸರು ಹೇಳಿದರೆ ಈಗಲೂ ಜಗಳಕ್ಕೆ ಬಂದಾರು. ಅಲ್ಲಿ ಒಂದು ಓಣಿಯ ಹೆಂಗಸರು ಹೇಗೋ ನನ್ನ ಮಾತು ಕೇಳಿದ್ದರು. ಹಿತ್ತಲಿಂದ ಹಿತ್ತಲಿಗೆ ತುಂಬೆ, ಅಣ್ಣೆ, ವಿಷ್ಣುಕ್ರಾಂತಿ ಎಲ್ಲ ತುಂಬಿ, ಬೆಳಗ್ಗೆ ಹೋಗಿ ನಿಂತರೆ ಗುಂಯ್ ಎನ್ನುತ್ತಿತ್ತು. ನನಗೆ ಹೆಮ್ಮೆ ತಡೆಯಲಿಲ್ಲ. ಎರಡನೆಯ ಸಾಹೇಬರು ಆಗಷ್ಟೇ ವರ್ಗವಾಗಿ ಬಂದಿದ್ದರು, ಅವರನ್ನು ಕರೆದುಕೊಂಡು ಬರುತ್ತೇನೆ ಎಂದು ಊರ ಹಿರಿಯರಿಗೆ ಮೊದಲೇ ತಿಳಿಸಿದೆ. ಕೆಟ್ಟದ್ದು ಅಲ್ಲೇ. ನಮ್ಮ ಜೀಪು ಹೋಗಿ ನಿಂತಾಗ ಓಣಿ ಬೋಳು. ಹಿತ್ತಲೆಲ್ಲ ಕೆತ್ತಿ, ಸಾರಿಸಿ, ರಂಗೋಲಿ ಹಾಕಿ, ಗೋಡೆಬುಡಕ್ಕೆ ಬಿಳಿ ಪುಡಿ ಎರಚಿದ್ದರು. ಹಿರಿಯರು ಹಾರ ಹಿಡಿದು ನಿಂತಿದ್ದರು.

"ಸಾಹೇಬ್ರು ಬರಾಕತ್ತಾರಂತ ಪುರಾ ಸಾಫ್ ಮಾಡಿಸೀವ್ರಿ ಮೇಡಂ. ಒಂದು ಕಡ್ಡಿ ಬಿಟ್ಟಿಲ್ಲ ನೋಡ್ರಿ."

ಏನು ಹೇಳಲಿ? ಅತಿಥಿಗೆ ಮರ್ಯಾದೆ ಮಾಡಿದ್ದರು. ಸಾಹೇಬರು ಓಣಿಯುದ್ದಕ್ಕೂ ನಡೆದು ನೋಡಿ, ಬಹಳ ಚೆನ್ನಾಗಿ ಇಟ್ಟುಕೊಂಡಿದ್ದಾರೆ, ಎಲ್ಲ ಊರಲ್ಲೂ ಹೀಗೇ ಮಾಡಿಸಿ ಎಂದು ನನಗೆ ಹೇಳಿದರು. ನಾನು ತೋರಿಸಬೇಕೆಂದಿದ್ದ ಗಿಡಗಳು ತಿಪ್ಪೆಯ ಮೇಲೆ ಬಾಡುತ್ತಿದ್ದವು.

ಆ ಪೆಟ್ಟಿನಿಂದ ಒಂದು ಉಪಾಯ ಕಲಿತೆ, ಬರೆದಿಟ್ಟುಕೊಳ್ಳಿ. ಗಿಡ ಇರುವ ಜಾಗದ ಸುತ್ತ ಕಲ್ಲು ಜೋಡಿಸಿ ಸುಣ್ಣ ಹಚ್ಚಿಸಿ. ಅಷ್ಟೇ. ಸುಣ್ಣದ ಕಲ್ಲಿನ ಹೊರಗಿದ್ದರೆ ಅದು ಕಸ, ಒಳಗಿದ್ದರೆ ಯಾರೋ ಬೇಕೆಂದು ಬೆಳೆಸಿದ್ದು. ಗಿಡ ಅದೇ, ಮಣ್ಣು ಅದೇ, ಆದರೆ ಆ ಕಲ್ಲು ದಾಟಿ ಕೈಹಾಕಲು ಜನ ಹಿಂದೆಮುಂದೆ ನೋಡುತ್ತಾರೆ. ನನ್ನ ಭಾಷಣಗಳೆಲ್ಲ ಸೇರಿ ಮಾಡದ ಕೆಲಸವನ್ನು ಒಂದು ಬುಟ್ಟಿ ಸುಣ್ಣ ಮಾಡಿತು.

ಅಷ್ಟರಲ್ಲಿ ಕೆಲಸದ ರೀತಿ ಬದಲಾಯಿತು. ಮೊದಲು ಹೋಗಿ ಕೂತು, ಚಹಾ ಕುಡಿದು, ಮಾತಾಡಿ ಬರುತ್ತಿದ್ದೆವು. ಈಗ ಹಿತ್ತಲಲ್ಲಿ ನಿಂತು ಮೊಬೈಲಿನಲ್ಲಿ ಫೋಟೋ ಹೊಡೆದು ಅಲ್ಲಿಂದಲೇ ಕಳಿಸಬೇಕು. ಗಿಡದ ಹೆಸರನ್ನು ಆ್ಯಪಿನಲ್ಲಿ ಆರಿಸಬೇಕು. ಅದರಲ್ಲಿ ಗುಲಾಬಿ ಇದೆ, ಮಲ್ಲಿಗೆ ಇದೆ, ತುಂಬೆ ಇಲ್ಲ. 'ಇತರೆ' ಒತ್ತಿ ಒತ್ತಿ ನನ್ನ ಬೆರಳು ಸವೆಯಿತು. ಫೋಟೋ ನೋಡಿದ ಮೇಲಿನವರು, ಇದು ಹೂದೋಟದ ಹಾಗಿಲ್ಲ, ಪಾಳುಬಿದ್ದ ಜಾಗದ ಹಾಗಿದೆ ಎಂದು ತಿರುಗಿ ಕಳಿಸುತ್ತಿದ್ದರು. ಕಲ್ಲು ಕಟ್ಟಿದ ಹಿತ್ತಲುಗಳೂ ಹೀಗೆ ಒಂದೊಂದಾಗಿ ಪಟ್ಟಿಯಿಂದ ಬಿದ್ದುಹೋದವು. ಹುಳ ಬರುವ ಹೊತ್ತಿಗೆ ಫೋಟೋ ಹೊಡೆಯೋಣವೆಂದರೆ ನೆಟ್‌ವರ್ಕ್ ಇಲ್ಲ, ನೆಟ್‌ವರ್ಕ್ ಇರುವಲ್ಲಿ ಹುಳ ಇಲ್ಲ.

ಈಗ ಶಾಂತಕ್ಕನ ಹಿತ್ತಲಿಗೆ ಬರುತ್ತೇನೆ. ಉಳಿದದ್ದೆಲ್ಲ ಮರೆತರೂ ಇದೊಂದನ್ನು ಓದಿ.

ಶಾಂತಾಬಾಯಿ ಜೇವರ್ಗಿ ತಾಲ್ಲೂಕಿನ ನೆಲೋಗಿಯವಳು, ನನಗಿಂತ ಹಿರಿಯಳು. ಮೇಲೆ ಮಣ್ಣು ಹಾಸಿದ ಮಟ್ಟಸ ಮಾಳಿಗೆಯ ಮನೆ, ಹಿಂದೆ ಸಣ್ಣ ಹಿತ್ತಲು. ಪಾತ್ರೆ ತೊಳೆದ ನೀರು ಹರಿಸಿ ಕುಂಬಳಬಳ್ಳಿ ಹಬ್ಬಿಸುತ್ತಿದ್ದಳು. ಅವಳ ಕುಂಬಳಕಾಯಿ ಆ ಓಣಿಯಲ್ಲಿ ಹೆಸರುವಾಸಿಯಾಗಿತ್ತಂತೆ. ನಾನು ಹೋದಾಗ ಎಷ್ಟೋ ವರ್ಷದಿಂದ ಒಂದು ಕಾಯಿಯೂ ನಿಂತಿರಲಿಲ್ಲ. ಹೆಣ್ಣುಹೂವಿನ ಬುಡದ ಪೀಚು ಲಿಂಬೆಕಾಯಿಯಷ್ಟಾಗಿ, ಹಳದಿಯಾಗಿ ಉದುರುತ್ತಿತ್ತು. ದೃಷ್ಟಿ ತಾಗಿದೆ ಎಂದು ಹಂದರಕ್ಕೆ ಹಳೆಯ ಚಪ್ಪಲಿ ಕಟ್ಟಿದ್ದಳು. ಹುಳ ಬರುತ್ತಿಲ್ಲ, ಅದಕ್ಕೇ ಕಾಯಿ ಕಟ್ಟುತ್ತಿಲ್ಲ ಎಂದೆ. ಸದ್ಯಕ್ಕೆ ಗಂಡುಹೂ ಕಿತ್ತು ಹೆಣ್ಣುಹೂವಿಗೆ ಮುಟ್ಟಿಸು ಎಂದು ತೋರಿಸಿಕೊಟ್ಟೆ. ಅವಳು ಸೆರಗು ಬಾಯಿಗಿಟ್ಟುಕೊಂಡು ನಕ್ಕಳು.

"ಈ ವಯಸ್ಸಿನ್ಯಾಗ ನಾ ಹೂವಿಗೆ ಲಗ್ನ ಮಾಡಸ್ಕೋತ ಕೂಡ್ಲೇನ್ರಿ ಮೇಡಂ?"

ಹಾಗಾದರೆ ಆ ಕೆಲಸ ಮಾಡುವವರನ್ನೇ ಕರೆಸೋಣ ಎಂದು ಜೇವರ್ಗಿ ರಸ್ತೆಯ ತಗ್ಗಿನಿಂದ ಅಣ್ಣೆ, ಉತ್ತರಾಣಿಗಳ ಬೀಜ ತಂದು ಬಳ್ಳಿಯ ಪಕ್ಕ ಚೆಲ್ಲಿಸಿದೆ. ಸುತ್ತ ಸುಣ್ಣದ ಕಲ್ಲು ಇಡಿಸಿದೆ. ಮೊದಲ ಮಳೆಗಾಲ ಗಿಡ ಬಡಕಲು, ಹುಳ ಕಡಿಮೆ, ಕುಂಬಳ ಮತ್ತೆ ಉದುರಿತು.

ಶಾಂತಕ್ಕನ ಮಗ ಬಸಣ್ಣ ನೆಲೋಗಿಯಿಂದ ಜೇವರ್ಗಿಗೆ ಟಂಟಂ ಓಡಿಸುತ್ತಾನೆ. ಗಾಡಿ ನಿಲ್ಲಿಸಲು ಜಾಗವಿಲ್ಲ, ಮಳೆ ಬಂದರೆ ಹಿತ್ತಲು ಕೆಸರು. ಅಲ್ಲಿಗೆ ಫರ್ಸಿ ಹಾಸಬೇಕೆಂದು ಶಹಾಬಾದ್ ಕಲ್ಲು ತಂದು ಗೋಡೆಗೆ ಒರಗಿಸಿಬಿಟ್ಟಿದ್ದ. ಅವನದೇನೂ ತಪ್ಪಿಲ್ಲ, ಅವನ ಹೊಟ್ಟೆಪಾಡು ಆ ಗಾಡಿ. ಆದರೆ ಮೂರು ತಾಲ್ಲೂಕಿನಲ್ಲಿ ನನ್ನ ಕೈಯಲ್ಲಿ ಉಳಿದ ಹಿತ್ತಲು ಅದೊಂದೇ ಆಗಿತ್ತು, ನಿವೃತ್ತಿಯೂ ಹತ್ತಿರ ಬಂದಿತ್ತು. ತಾಯಿ ಅತ್ತು ಕರೆದು ಮಾಡಿದ ಮೇಲೆ ಒಂದು ವಾಯಿದೆ ಕೊಟ್ಟ. ಈ ದೀಪಾವಳಿಯೊಳಗೆ ಬಳ್ಳಿಯಲ್ಲಿ ಕುಂಬಳಕಾಯಿ ನಿಂತರೆ ಹಿತ್ತಲು ಅವ್ವನದು, ಇಲ್ಲದಿದ್ದರೆ ಹಬ್ಬ ಆದ ವಾರದಲ್ಲೇ ಫರ್ಸಿ.

ಆ ವರ್ಷ ಮಳೆ ತಡವಾಯಿತು, ಬಳ್ಳಿಯೂ ತಡ. ಆದರೆ ಗಿಡಗಳು! ಹಿಂದಿನ ವರ್ಷ ಉದುರಿದ ಬೀಜವೆಲ್ಲ ಎದ್ದು, ಸುಣ್ಣದ ಕಲ್ಲಿನೊಳಗೆ ಕಾಲಿಡಲು ಜಾಗವಿರಲಿಲ್ಲ. ಅಣ್ಣೆಯ ಬಿಳಿ, ಗುಲಾಬಿ ಕುಚ್ಚುಗಳು ಸೊಂಟದೆತ್ತರಕ್ಕೆ ಬಂದವು. ಕೋಲುಜೇನು ಬಂತು, ನೆಲದ ಜೇನು ಬಂತು, ಕರಿದುಂಬಿ ಬಂತು. ಹಬ್ಬದ ಹಿಂದಿನ ವಾರ ಹೋದಾಗ ಬಳ್ಳಿಯಲ್ಲಿ ಎರಡು ಪೀಚು ಮುಷ್ಟಿಗಾತ್ರ ದಾಟಿ ಹಸಿರಾಗಿ ನಿಂತಿದ್ದವು. ಶಾಂತಕ್ಕ ಅವುಗಳ ಮೇಲೆ ಎಲೆ ಮುಚ್ಚಿ ಚಪ್ಪಲಿಯನ್ನು ಇನ್ನಷ್ಟು ಹತ್ತಿರ ಕಟ್ಟಿದ್ದಳು. ನಾನು ಬೇಡವೆನ್ನಲಿಲ್ಲ.

ಹಬ್ಬ ಮುಗಿದ ಮರುದಿನ ಬಸ್ಸು ಹತ್ತಿ ಹೋದೆ. ಹಿತ್ತಲಿನ ಬಾಗಿಲಲ್ಲೇ ನಿಂತುಬಿಟ್ಟೆ. ಸುಣ್ಣದ ಕಲ್ಲು ಇದ್ದವು, ಒಳಗೆ ಒಂದು ಹೂವಿರಲಿಲ್ಲ. ಮೊಂಡು ಕಡ್ಡಿಗಳು ನಿಂತಿದ್ದವು. ಕುಂಬಳಬಳ್ಳಿ ಕಾಲ್ತುಳಿತಕ್ಕೆ ಸಿಕ್ಕು ಬುಡದಲ್ಲೇ ಜಜ್ಜಿ ಹೋಗಿತ್ತು. ಎರಡೂ ಪೀಚು ಬಾಡಿದ್ದವು.

ಆದದ್ದಿಷ್ಟು. ಬಲಿಪಾಡ್ಯದ ಬೆಳಗ್ಗೆ ಆ ಓಣಿಯ ಮನೆಮನೆಯಲ್ಲೂ ಸಗಣಿಯ ಪಾಂಡವರನ್ನು ಮಾಡಿ ಹೊಸ್ತಿಲಲ್ಲಿ ಕೂಡಿಸಿ, ಅವರ ತಲೆಗೆ ಉತ್ತರಾಣಿ ಕಡ್ಡಿ, ಅಣ್ಣೆ ಹೂ, ತಂಗಡಿ ಹೂ ಚುಚ್ಚುತ್ತಾರೆ. ಹೊಲದಲ್ಲಿ ಕಳೆನಾಶಕ ಬಂದ ಮೇಲೆ ಈ ಹೂವು ಸಿಗದೆ, ಪೇಟೆಯ ಚೆಂಡುಹೂವಿನಲ್ಲೇ ಹಬ್ಬ ಮುಗಿಸುತ್ತಿದ್ದರು. ಶಾಂತಕ್ಕನ ಮನೆಯಲ್ಲಿ ಪಾಂಡವರ ಹೂ ತುಂಬಿದೆ, ಕಲ್ಲು ಕಟ್ಟಿ ಬೆಳೆಸಿದ್ದಾಳೆ ಎಂದು ಸುದ್ದಿಯಾಯಿತು. ಇಡೀ ಓಣಿ ಬುಟ್ಟಿ ತಂದಿತು. ಹಬ್ಬದ ಹೂ ಕೇಳಿ ಬಂದವರಿಗೆ ಇಲ್ಲ ಎನ್ನುವ ಪದ್ಧತಿ ಅಲ್ಲಿಲ್ಲ. ನಮ್ಮ ಅಪ್ಪ ಬೌದ್ಧ ದೀಕ್ಷೆ ತೆಗೆದುಕೊಂಡವರು, ನಮ್ಮ ಮನೆಯಲ್ಲಿ ಪಾಂಡವರನ್ನು ಕೂಡಿಸಿದ್ದಿಲ್ಲ. ನೆರೆಮನೆಯ ಹೊಸ್ತಿಲಲ್ಲಿ ಕಂಡಿದ್ದೆ, ತಲೆಯ ಮೇಲಿನದು ಯಾವ ಹೂ ಎಂದು ಬಗ್ಗಿ ನೋಡಿರಲಿಲ್ಲ. ಗಿಡದ ಬಗ್ಗೆ ಎಲ್ಲ ಓದಿದ್ದೆ, ಅದು ಯಾವ ಹಬ್ಬಕ್ಕೆ ಬೇಕು ಎಂದು ಯಾರನ್ನೂ ಕೇಳಿರಲಿಲ್ಲ. ಅದಕ್ಕಿಂತ ಹೊಟ್ಟೆ ಉರಿಸಿದ್ದು ನನ್ನ ಸುಣ್ಣದ ಕಲ್ಲು. ಕಸವಾಗಿ ಬಿಟ್ಟಿದ್ದರೆ ಯಾರೂ ತಿರುಗಿ ನೋಡುತ್ತಿರಲಿಲ್ಲವೇನೋ.

ಶಾಂತಕ್ಕನನ್ನು ಬಾಯಿಗೆ ಬಂದಂತೆ ಅಂದೆ. ಅವಳು ಬಾಡಿದ ಪೀಚನ್ನು ಕೈಯಲ್ಲಿ ಹಿಡಿದು ಕೂತಿದ್ದಳು.

"ಹೂ ದೇವ್ರಿಗಿ ಹೋದ್ವು ಮೇಡಂ. ಯಾರೂ ಕಳವು ಮಾಡಿಲ್ಲ."

"ದೇವ್ರು ಬಂದು ಕುಂಬಳಕಾಯಿ ಕಟ್ಟಸಂಗಿಲ್ಲ ಶಾಂತಕ್ಕ" ಎಂದೆ. ಆ ಮಾತು ಆಡಬಾರದಿತ್ತು ಎಂದು ಬಸ್ಸಿನಲ್ಲಿ ಅನಿಸಿತು.

ಬಸಣ್ಣ ಆಡಿದ ಮಾತಿನಂತೆ ನಡೆದ. ಹಬ್ಬದ ವಾರದಲ್ಲೇ ಫರ್ಸಿ ಹಾಸಿದ. ತಾಯಿ ಜಗಳ ತೆಗೆದದ್ದಕ್ಕೆ ಗೋಡೆಯ ಮೂಲೆಯಲ್ಲಿ ಒಂದು ಬುಟ್ಟಿ ಇಡುವಷ್ಟು ಮಣ್ಣು ಬಿಟ್ಟ, ಅಷ್ಟೇ. ಬೇಸಿಗೆಯಲ್ಲಿ ನನ್ನ ನಿವೃತ್ತಿಯಾಯಿತು. ಶಾಲು ಹೊದಿಸಿದ ಸಾಹೇಬರು, ಮೇಡಂ ಮನೆಮನೆಯಲ್ಲೂ ಗುಲಾಬಿ ಅರಳಿಸಿದರು ಎಂದು ಭಾಷಣ ಮಾಡಿದರು. ಗುಲಾಬಿ! ನಾನು ಮನೆಗೆ ಬಂದು ಶಾಲು ಮಡಚಿ ಕಪಾಟಿನಲ್ಲಿಟ್ಟು, ಈ ವಿಷಯ ಇನ್ನು ಮಾತಾಡಬಾರದು ಎಂದುಕೊಂಡೆ.

ಮಳೆಗಾಲ ಅರ್ಧ ಕಳೆದಿತ್ತು. ಬಸಣ್ಣನ ಫೋನು ಬಂತು.

"ಮೇಡಂ, ನಿಮ್ಮ ಕಸ ನಮ್ಮ ಮಾಳಗಿ ಮ್ಯಾಲ ಎದ್ದದ. ಮನಿ ಸೋರಾಕತ್ತದ. ಅವ್ವ ಕೀಳಬ್ಯಾಡ ಅಂತಾಳ. ನೀವs ಬಂದು ಕಿತ್ತು ಹೋಗ್ರಿ."

ನಿವೃತ್ತಳಾದ ಮೇಲೂ ಇದೇ ಹಣೆಬರಹ ಎಂದು ಬೈದುಕೊಳ್ಳುತ್ತಾ ಹೋದೆ. ಹೋದವಳು ಓಣಿಯ ಬಾಯಲ್ಲಿ ತಲೆಯೆತ್ತಿ ನೋಡಿದೆ. ಬಸಣ್ಣನ ಮಾಳಿಗೆ ಒಂದೇ ಅಲ್ಲ. ಎಲ್ಲ ಮಾಳಿಗೆಗಳ ಅಂಚಿನಲ್ಲೂ ಅಣ್ಣೆ ಕುಚ್ಚು ಬಿಟ್ಟಿತ್ತು, ನಡುವೆ ಉತ್ತರಾಣಿ. ಹಬ್ಬ ಮುಗಿದ ಮೇಲೆ ಪಾಂಡವರನ್ನು ತುಳಿಯುವ ಜಾಗದಲ್ಲಿ ಬಿಸಾಡುವುದಿಲ್ಲ, ಮಾಳಿಗೆಯ ಮೇಲೆ ಇಡುತ್ತಾರೆ. ಅಣ್ಣೆಯ ಕುಚ್ಚು ತುದಿಯಲ್ಲಿ ಅರಳುತ್ತಿರುವಾಗಲೇ ಬುಡದಲ್ಲಿ ಬೀಜ ಕಟ್ಟಿರುತ್ತದೆ. ಆ ಬೀಜವನ್ನು ಸಗಣಿಗೊಬ್ಬರದೊಳಗೇ ಚುಚ್ಚಿ, ಯಾರ ಕಸಬರಿಗೆಯೂ ಮುಟ್ಟದ ಜಾಗದಲ್ಲಿ ಇಟ್ಟಿದ್ದರು. ನಾನು ಇಷ್ಟು ವರ್ಷ ಕೈಮುಗಿದು ಬೇಡಿದರೂ ಒಂದು ಓಣಿಯವರು ಪೂರ್ತಿ ಒಪ್ಪಿ ಉಳಿಸಿಕೊಂಡಿದ್ದಿಲ್ಲ. ಸಂತೋಷವಾಯಿತು ಎಂದರೆ ಅರ್ಧ ಸುಳ್ಳು. ಮೈಯೆಲ್ಲ ಉರಿಯಿತು.

ನಿಚ್ಚಣಿಕೆ ಹತ್ತಿದೆ. ಸೋರುತ್ತಿದ್ದದ್ದು ಗಿಡದಿಂದಲ್ಲ, ನೀರು ಹೊರಗೆ ಹೋಗುವ ತೂತಿಗೆ ಜೋಳದ ಕಣಿಕೆ ಸಿಕ್ಕಿತ್ತು, ಎಳೆದು ಹಾಕಿದೆ. ಶಾಂತಕ್ಕ ಆ ಬುಟ್ಟಿಯಗಲ ಮಣ್ಣಿನಲ್ಲೇ ಮತ್ತೆ ಕುಂಬಳ ಹಾಕಿದ್ದಳು. ಬಳ್ಳಿ ಫರ್ಸಿಯ ಕಡೆ ತಿರುಗದೆ ಗೋಡೆ ಹತ್ತಿ ಮಾಳಿಗೆ ಸೇರಿತ್ತು. ಮೊಣಕಾಲು ನೋವಿನ ಅವಳು ಮೇಲೆ ಹತ್ತುವುದಿಲ್ಲ, ಟಂಟಂ ಬಿಟ್ಟು ಬಸಣ್ಣನೂ ಹತ್ತಿರಲಿಲ್ಲ. ಅಣ್ಣೆಯ ಮೇಲೆ ಜೇನು ಗುಂಯ್ಗುಟ್ಟುತ್ತಿತ್ತು. ಬಳ್ಳಿಯ ಎಲೆ ಸರಿಸಿದೆ. ಕೊಡದಷ್ಟು ಕಾಯಿ, ಬೂದಿ ಬಳಿದಂತೆ ಕೂತಿತ್ತು. ಆಚೆ ಇನ್ನೊಂದು, ಅದರಾಚೆ ಮತ್ತೊಂದು. ನನಗೆ ಕಣ್ಣು ತುಂಬಿ ಬಂತು, ಯಾರೂ ನೋಡುತ್ತಿರಲಿಲ್ಲ.

ಕೆಳಗಿನಿಂದ ಶಾಂತಕ್ಕ, ಕಿತ್ತಿದ್ರೇನ್ರಿ ಎಂದು ಕೂಗಿ ಕೇಳಿದಳು. ನಾನು ಬಸಣ್ಣನನ್ನು ಮೇಲೆ ಬಾ ತಮ್ಮಾ ಎಂದು ಕರೆದೆ. ಅವನು ಗೊಣಗುತ್ತಲೇ ಹತ್ತಿ ಬಂದ. ನಾನು ಎಲೆ ಸರಿಸಿ ತೋರಿಸಿದೆ. ಅವನು ಕುಕ್ಕರಗಾಲಲ್ಲಿ ಕೂತು ಕಾಯಿಯ ಮೇಲೆ ಕೈ ಆಡಿಸಿದ. ಅದರ ಬುಡ ಹಸಿಮಣ್ಣಿಗೆ ತಾಗಿದ್ದು ನೋಡಿ, ಕೊಳಿತದ, ಒಂದು ಸಿಂಬಿ ಕೊಡು ಎಂದು ತಾಯಿಗೆ ಕೂಗಿ ಹೇಳಿದ. ಅವಳು ಕೆಳಗಿನಿಂದ ಎಸೆದ ಬಟ್ಟೆಯ ಸಿಂಬಿಯನ್ನು ಹಿಡಿದು ಮೆಲ್ಲಗೆ ಕಾಯಿಯ ಕೆಳಗಿಟ್ಟ. ಆಮೇಲೆ ಸುತ್ತಲಿನ ಅಣ್ಣೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದ. ಮಾತಿಗೆ ತಪ್ಪುವ ಮನುಷ್ಯನಲ್ಲ, ಸೋಲುವುದಕ್ಕೂ ಮನಸ್ಸಿಲ್ಲ.

"ಈಗ ಇರ್ಲಿ ಬಿಡ್ರಿ. ಪಾಂಡವರಿಗಿ ಬೇಕಾಗ್ತದ. ಹಬ್ಬ ಆದಮ್ಯಾಲ ನಾನs ಎಲ್ಲಾ ಕಿತ್ತು ಹಾಕ್ತೇನಿ."

ಹಾಗೇ ಮಾಡು ಎಂದೆ. ಹಬ್ಬದ ಹೊತ್ತಿಗೆ ಅವು ಬೀಜ ಉದುರಿಸಿ ಮುಗಿಸಿರುತ್ತವೆ. ಅದನ್ನು ನಾನು ಅವನಿಗೆ ಹೇಳಲಿಲ್ಲ, ನೀವು ಹೋದರೆ ನೀವೂ ಹೇಳಬೇಡಿ.